ಹುಲ್ಲು ಕತ್ತರಿಸುವ ಗಾಡಿ ಸೆಲ್ಫ್ ತಗೊಳ್ತಿಲ್ಲವೇ? ಕರೆಂಟು ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಗೋವಾದಲ್ಲಿ ಒಂದು ಮಳೆಗಾಲಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಹೊಯ್ಯುತ್ತದೆ. ಅದು ನಿಲ್ಲುವ ಹೊತ್ತಿಗೆ ಹುಲ್ಲು ಮೊಣಕಾಲು ಮುಟ್ಟಿರುತ್ತದೆ. ಅಕ್ಟೋಬರ್ ಬಂತೆಂದರೆ ಪ್ರವಾಸಿಗರ ಹಂಗಾಮು, ಅದರ ಬೆನ್ನಿಗೇ ಲಾನ್ ಮೇಲಿನ ಮದುವೆಗಳು. ವಾರ್ಕಾ, ಕಾವೇಲೊಸಿಮ್ ಕಡೆಯ ರೆಸಾರ್ಟ್‌ಗಳಲ್ಲಿ, ದೊಡ್ಡ ಬಂಗಲೆಗಳಲ್ಲಿ, ಆಟದ ಮೈದಾನಗಳಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ರೈಡಿಂಗ್ ಮೂವರ್, ಅಂದರೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಆಗ ಹೊರಗೆ ಬರುತ್ತದೆ. ಕೀ ತಿರುಗಿಸಿದರೆ ಒಂದೋ ಸದ್ದೇ ಇಲ್ಲ, ಇಲ್ಲವೇ ‘ಕಟ್’ ಅಂದು ಸುಮ್ಮನಾಗುತ್ತದೆ.

ಈ ಗಾಡಿ ನೋಡಿಕೊಳ್ಳುವವರಲ್ಲಿ ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ನಮ್ಮವರೂ ಇದ್ದಾರೆ. ಊರಲ್ಲಿ ಟ್ರ್ಯಾಕ್ಟರ್ ಹೊಡೆದ ಕೈಗೆ ಇದನ್ನು ಓಡಿಸುವುದು ಕಷ್ಟವಲ್ಲ. ಕೆಟ್ಟು ನಿಂತಾಗ ಮಾತ್ರ ಟ್ರ್ಯಾಕ್ಟರಿನ ಅನುಭವ ಅರ್ಧ ದಾರಿಗೇ ಕೈಬಿಡುತ್ತದೆ. ಟ್ರ್ಯಾಕ್ಟರಿನದು ಡೀಸೆಲ್ ಎಂಜಿನ್, ಅದಕ್ಕೆ ಕಿಡಿ ಬೇಡ. ಇದರದು ಬಹುಮಟ್ಟಿಗೆ ಪೆಟ್ರೋಲ್ ಎಂಜಿನ್, ಕಿಡಿ ಬೇಕು. ಸಾಲದ್ದಕ್ಕೆ ಸೀಟಿನ ಕೆಳಗೆ, ಬ್ರೇಕ್ ಪೆಡಲ್ಲಿನ ಪಕ್ಕ, ಬ್ಲೇಡ್ ಗುಂಡಿಯ ಹಿಂದೆ ಸುರಕ್ಷತಾ ಸ್ವಿಚ್‌ಗಳು ಅಡಗಿ ಕೂತಿರುತ್ತವೆ. ಕೈಪಿಡಿ ನೋಡೋಣವೆಂದರೆ ಅದು ಇಂಗ್ಲಿಷಿನಲ್ಲಿ. ಕೊನೆಗೆ ‘ಸಾಹೇಬ್ರ, ಬ್ಯಾಟ್ರಿ ಹೋಗೇತ್ರಿ, ಹೊಸಾದು ತರಸ್ರಿ’ ಎಂದು ಮಾಲಿ ಸೂಪರ್‌ವೈಸರಿಗೆ ಹೇಳುತ್ತಾನೆ. ಹೊಸ ಬ್ಯಾಟರಿ ಬರುತ್ತದೆ, ಗಾಡಿ ಮತ್ತೆ ‘ಕಟ್’ ಅನ್ನುತ್ತದೆ.

ಹಣ ಕೊಟ್ಟು ಭಾಗ ಬದಲಿಸುವ ಮೊದಲು ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಅಳೆದು ನೋಡಬಹುದು. ಅದಕ್ಕೆ ಕೆಲವು ನೂರು ರೂಪಾಯಿಯ, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, ಒಂದು 12 ವೋಲ್ಟಿನ ಇಂಡಿಕೇಟರ್ ಬಲ್ಬು, ಜೊತೆಗೆ ಒಬ್ಬ ಸಹಾಯಕ ಇದ್ದರೆ ಸಾಕು.

## ಕೈ ಹಾಕುವ ಮೊದಲು

12 ವೋಲ್ಟ್ ಮೈಗೆ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿಯ ಎರಡು ತುದಿಯ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯಬಹುದು. ಕೈಯಲ್ಲಿ ಕಡಗವೋ ಉಂಗುರವೋ ಇದ್ದರೆ ಕಳಚಿಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಕೇಬಲ್ ಬಿಚ್ಚುವಾಗ ಕಪ್ಪು ನೆಗೆಟಿವ್ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಇದಕ್ಕೊಂದು ಕಾರಣವಿದೆ. ಗಾಡಿಯ ಇಡೀ ಚಾಸಿ ನೆಗೆಟಿವ್‌ಗೆ ಸೇರಿರುತ್ತದೆ. ಪಾಸಿಟಿವ್ ಬೋಲ್ಟ್ ತಿರುಗಿಸುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗದು.

ಬ್ಲೇಡಿನ ಬಳಿ ಕೆಲಸವಿದ್ದರೆ ಕೀ ಕಿತ್ತು ಜೇಬಿಗೆ ಹಾಕಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪನ್ನೂ ಕಿತ್ತಿಡಿ. ಎರಡು ಸಿಲಿಂಡರ್ ಇದ್ದರೆ ಎರಡೂ ಕ್ಯಾಪ್. ಪರೀಕ್ಷೆಗಾಗಿ ಸೆಲ್ಫ್ ಹೊಡೆಯಬೇಕಾದಾಗ ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಲೇಡ್ ಆಫ್ ಮಾಡಿ, ಕಿತ್ತ ಕ್ಯಾಪನ್ನು ಎಂಜಿನ್ನಿನ ಲೋಹಕ್ಕೆ ಅರ್ಥ್ ಮಾಡಿ, ಅಂದರೆ ಕರೆಂಟು ಲೋಹಕ್ಕೆ ಹರಿಯುವಂತೆ ಕೂಡಿಸಿ. ಸುಮ್ಮನೆ ಜೋತುಬಿಟ್ಟರೆ ಹತ್ತು ಸಾವಿರ ವೋಲ್ಟಿಗೂ ಮೀರಿದ ಕಿಡಿ ಎಲ್ಲಿಗೆ ಬೇಕಾದರೂ ಹಾರುತ್ತದೆ.

## ಬ್ಯಾಟರಿಯಿಂದ ಸೆಲ್ಫ್‌ವರೆಗೆ

ಸೆಲ್ಫ್ ಅಂದರೆ ಎಂಜಿನ್ನನ್ನು ಮೊದಲ ಸುತ್ತು ತಿರುಗಿಸುವ ಮೋಟಾರು. ಅದು ಎಳೆಯುವುದು ಹತ್ತಾರು ಆಂಪಿಯರ್, ಕೆಲವೊಮ್ಮೆ ನೂರರ ಮೇಲೆ. ಅಷ್ಟು ಕರೆಂಟನ್ನು ಪುಟ್ಟ ಕೀ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚೇ ಸುಟ್ಟುಹೋಗುತ್ತದೆ. ಆದ್ದರಿಂದ ಗಾಡಿಯಲ್ಲಿ ಎರಡು ದಾರಿ ಮಾಡಿರುತ್ತಾರೆ.

ದೊಡ್ಡ ದಾರಿ ಬೆರಳು ದಪ್ಪದ ಕೇಬಲ್ಲಿನದು. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟು ಸೊಲೆನಾಯ್ಡ್ ಎಂಬ ಭಾಗಕ್ಕೆ, ಅಲ್ಲಿಂದ ಸೆಲ್ಫ್ ಮೋಟಾರಿಗೆ, ಮೋಟಾರಿನಿಂದ ಎಂಜಿನ್ನಿನ ಮೈ ಮತ್ತು ಚಾಸಿಯ ಮೂಲಕ ವಾಪಸ್ ಬ್ಯಾಟರಿಯ ನೆಗೆಟಿವ್‌ಗೆ. ಸಣ್ಣ ದಾರಿ ತೆಳು ವೈರಿನದು. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಕೀ, ಕೀಯಿಂದ ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್, ಕೆಲವು ಗಾಡಿಗಳಲ್ಲಿ ಸೀಟ್ ಸ್ವಿಚ್, ಕೊನೆಗೆ ಸೊಲೆನಾಯ್ಡಿನ ಒಳಗಿನ ಸುರುಳಿ. ಸುರುಳಿಗೆ ಕರೆಂಟು ಸಿಕ್ಕಾಗ ಅದು ಅಯಸ್ಕಾಂತವಾಗಿ ಒಳಗಿನ ತಾಮ್ರದ ತಟ್ಟೆಯೊಂದನ್ನು ಎಳೆದು ದೊಡ್ಡ ದಾರಿಯನ್ನು ಕೂಡಿಸುತ್ತದೆ. ಆ ತಟ್ಟೆ ಬಡಿಯುವ ಸದ್ದೇ ನಮಗೆ ಕೇಳುವ ‘ಕಟ್’.

ಕಾಲುವೆ ನೀರಾವರಿ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಬ್ಯಾಟರಿ ಕೆರೆ, ವೈರು ಕಾಲುವೆ, ಒಂದೊಂದು ಸ್ವಿಚ್ಚೂ ಒಂದೊಂದು ತೂಬು. ಐದು ತೂಬುಗಳಲ್ಲಿ ನಾಲ್ಕು ತೆರೆದು ಒಂದು ಮುಚ್ಚಿದ್ದರೂ ಹೊಲಕ್ಕೆ ನೀರಿಲ್ಲ. ತೂಬುಗಳೆಲ್ಲ ತೆರೆದಿದ್ದು ಕಾಲುವೆಯಲ್ಲಿ ಹೂಳು ತುಂಬಿದ್ದರೆ ನೀರು ಬರುತ್ತದೆ, ಆದರೆ ಜಿನುಗುತ್ತದೆ. ತುಕ್ಕು ಹಿಡಿದ ಟರ್ಮಿನಲ್, ಅಂದರೆ ಕೇಬಲ್ ಬಿಗಿಯುವ ತುದಿ, ಅಂಥ ಹೂಳು. ಹಾಗೆ ಜಿನುಗುವ ಕರೆಂಟನ್ನು ದೀಪಕ್ಕೆ ಕೊಟ್ಟರೆ ದೀಪ ಉರಿಯುತ್ತದೆ, ಸೆಲ್ಫಿಗೆ ಕೊಟ್ಟರೆ ಉಸಿರು ನಿಲ್ಲುತ್ತದೆ. ‘ಲೈಟ್ ಉರಿಯುತ್ತೆ, ಅಂದ್ಮೇಲೆ ಬ್ಯಾಟರಿ ಚೆನ್ನಾಗಿದೆ’ ಎಂಬ ಲೆಕ್ಕ ತಪ್ಪುವುದು ಇಲ್ಲೇ. ದೀಪಕ್ಕೆ ಬೇಕಾದ್ದು ಕೆಲವೇ ಆಂಪಿಯರ್.

## ಬ್ಯಾಟರಿ: ಮೂರು ಅಳತೆ

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿ ಪಾಸಿಟಿವ್ ಕಂಬಕ್ಕೆ, ಕಪ್ಪು ನೆಗೆಟಿವ್ ಕಂಬಕ್ಕೆ. ಕೇಬಲ್ಲಿನ ತುದಿಯ ಲೋಹದ ಲಗ್ಗಿಗೆ ಹಿಡಿಯಬೇಡಿ, ಬ್ಯಾಟರಿಯ ಸೀಸದ ಕಂಬಕ್ಕೇ ಹಿಡಿಯಿರಿ.

ಗಾಡಿ ಸುಮ್ಮನೆ ನಿಂತಿದ್ದಾಗ 12.6 ಅಥವಾ ತುಸು ಮೇಲೆ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧದ ಆಸುಪಾಸು. 12ಕ್ಕಿಂತ ಕೆಳಗಿದ್ದರೆ ಬೇರೆ ಏನನ್ನೂ ಹುಡುಕಬೇಡಿ, ಮೊದಲು ಚಾರ್ಜ್ ಮಾಡಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಆಂಪಿಯರ್-ಅವರಿನ ಸಣ್ಣ ಬ್ಯಾಟರಿ ಇರುವುದರಿಂದ 2-3 ಆಂಪಿಯರಿನ ನಿಧಾನ ಚಾರ್ಜ್ ಸಾಕು. ಲಾರಿ ಬ್ಯಾಟರಿಯ ಚಾರ್ಜರ್ ಹಚ್ಚಿದರೆ ಇದು ಕುದಿಯುತ್ತದೆ.

ಎರಡನೆಯ ಅಳತೆ ಸೆಲ್ಫ್ ಹೊಡೆಯುವಾಗಿನದು. ನಿಜ ಹೊರಬೀಳುವುದು ಇದರಲ್ಲಿ. ಸಹಾಯಕ ಕೀ ತಿರುಗಿಸಲಿ, ನೀವು ಮೀಟರ್ ನೋಡಿ. 12.6ರಿಂದ 10ರ ಆಸುಪಾಸಿಗೆ ಇಳಿದರೆ ಸರಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಒಳಗೆ ಶಕ್ತಿ ಉಳಿದಿಲ್ಲ, ಅಥವಾ ಸೆಲ್ಫೋ ಎಂಜಿನ್ನೋ ಬಿಗಿದು ನಿಂತು ಅತಿಯಾಗಿ ಎಳೆಯುತ್ತಿದೆ. ಚಾರ್ಜ್ ಮಾಡಿದ ಮರುದಿನ 12.6 ತೋರಿಸಿ, ಸೆಲ್ಫ್ ಹೊಡೆದೊಡನೆ 6ಕ್ಕೆ ಬೀಳುವ ಬ್ಯಾಟರಿಗಳಿವೆ. ತಿಂಗಳುಗಟ್ಟಲೆ ಡೌನ್ ಆಗಿ ನಿಂತಾಗ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆಗ ಹೊಸದು ತರುವುದೇ ದಾರಿ. ಮಾಲಿ ಹೇಳಿದ್ದು ಆಗ ಸರಿ.

ಮೂರನೆಯದು ಎಂಜಿನ್ ಓಡುವಾಗಿನ ಅಳತೆ. ಅದು ಚಾರ್ಜಿಂಗಿಗೆ ಸೇರಿದ್ದು, ಮುಂದೆ ಬರುತ್ತದೆ.

ಸಮುದ್ರದ ಗಾಳಿ ಬೀಸುವ ಕಡೆ ಟರ್ಮಿನಲ್ ಮೇಲೆ ಬಿಳಿ ಪುಡಿಯೋ ಮೈಲುತುತ್ತದ ಬಣ್ಣದ ಪಾಚಿಯೋ ಬೆಳೆದಿರುವುದು ಸಾಮಾನ್ಯ. ಕೇಬಲ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ, ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಎಷ್ಟೋ ಗಾಡಿಗಳು ಇಷ್ಟಕ್ಕೇ ಚಾಲೂ ಆಗಿಬಿಡುತ್ತವೆ.

## ಕೀ ತಿರುಗಿಸಿದಾಗ ಏನು ಕೇಳಿಸಿತು?

ಇದನ್ನು ಕಿವಿಗೊಟ್ಟು ಕೇಳಿದರೆ ಅರ್ಧ ಗಾಡಿಯನ್ನು ಸಂಶಯದ ಪಟ್ಟಿಯಿಂದ ಕೈಬಿಡಬಹುದು.

ಏನೂ ಇಲ್ಲ, ದೀಪವೂ ಇಲ್ಲ: ಕರೆಂಟು ಹೊರಟೇ ಇಲ್ಲ. ಬ್ಯಾಟರಿ, ಟರ್ಮಿನಲ್, ಫ್ಯೂಸ್, ಕೀ ಸ್ವಿಚ್ಚಿಗೆ ಬರುವ ವೈರು, ಇಷ್ಟೇ ನೋಡಿ. ಫ್ಯೂಸನ್ನು ಕಣ್ಣಲ್ಲಿ ನೋಡಿ ‘ಚೆನ್ನಾಗಿದೆ’ ಅನ್ನಬೇಡಿ. ಒಳಗಿನ ತಂತಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು, ಅಥವಾ ಫ್ಯೂಸ್ ಸರಿಯಿದ್ದು ಅದು ಕೂತ ಗೂಡಿನ ಹಿಡಿಗಳು ಹಸಿರುಗಟ್ಟಿರಬಹುದು. ಫ್ಯೂಸಿನ ಎರಡೂ ಬದಿಯಲ್ಲಿ 12 ವೋಲ್ಟ್ ಬರುತ್ತಿದೆಯೇ ಎಂದು ಮೀಟರ್ ಹಿಡಿದೇ ನೋಡಿ.

ದೀಪ ಇದೆ, ಸೆಲ್ಫಿಗೆ ಸದ್ದಿಲ್ಲ: ಸಣ್ಣ ದಾರಿಯಲ್ಲಿ ಎಲ್ಲೋ ಒಂದು ತೂಬು ಮುಚ್ಚಿದೆ. ಹುಡುಕುವುದು ಸೊಲೆನಾಯ್ಡಿನ ತುದಿಯಿಂದ. ಸೊಲೆನಾಯ್ಡಿನಲ್ಲಿ ಎರಡು ದಪ್ಪ ಬೋಲ್ಟು, ಒಂದೋ ಎರಡೋ ಸಣ್ಣ ಕಡ್ಡಿಗಳಿರುತ್ತವೆ. ಸಹಾಯಕ ಸೀಟಿನಲ್ಲಿ ಕೂತು, ಬ್ರೇಕ್ ಒತ್ತಿ, ಕೀಯನ್ನು ಸ್ಟಾರ್ಟಿಗೆ ತಿರುಗಿಸಿ ಹಿಡಿಯಲಿ. ಆಗ ಸಣ್ಣ ಕಡ್ಡಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 12 ವೋಲ್ಟ್ ಬಂದರೆ ಕೀ, ಫ್ಯೂಸ್, ಸ್ವಿಚ್ಚುಗಳೆಲ್ಲ ಕೆಲಸ ಮಾಡಿದವು. ತಪ್ಪು ಸೊಲೆನಾಯ್ಡಿನದು, ಅಥವಾ ಅದರ ಅರ್ಥಿನದು. ಬರದಿದ್ದರೆ ಸೊಲೆನಾಯ್ಡನ್ನು ಬೈಯಬೇಡಿ, ಹಿಂದಕ್ಕೆ ಕೀಯ ಕಡೆ ನಡೆಯಿರಿ. ಒಂದೇ ಸಣ್ಣ ಕಡ್ಡಿ ಇರುವ ಸೊಲೆನಾಯ್ಡ್ ತನ್ನ ಅರ್ಥನ್ನು ಕೂತ ಜಾಗದ ಲೋಹದಿಂದ ಪಡೆಯುತ್ತದೆ. ಆ ಜಾಗ ತುಕ್ಕು ಹಿಡಿದಿದ್ದರೆ ಹೊಸ ಸೊಲೆನಾಯ್ಡ್ ಹಾಕಿದರೂ ಅದು ಸುಮ್ಮನೇ ಕೂರುತ್ತದೆ.

ಕಟ್-ಕಟ್-ಕಟ್-ಕಟ್ ಎಂದು ಒಂದೇ ಸಮ: ಇದು ಬಹುಪಾಲು ಬ್ಯಾಟರಿ ಡೌನ್, ಇಲ್ಲವೇ ಲೂಸ್ ಟರ್ಮಿನಲ್. ಸೊಲೆನಾಯ್ಡ್ ಎಳೆದು ದೊಡ್ಡ ದಾರಿ ತೆರೆದೊಡನೆ ಸೆಲ್ಫ್ ಇರುವುದನ್ನೆಲ್ಲ ಹೀರುತ್ತದೆ, ವೋಲ್ಟೇಜ್ ಬೀಳುತ್ತದೆ, ಸೊಲೆನಾಯ್ಡಿಗೇ ಶಕ್ತಿ ಸಾಲದೆ ಅದು ಕೈಬಿಡುತ್ತದೆ. ಕೈಬಿಟ್ಟೊಡನೆ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ.

ಒಂದೇ ಒಂದು ‘ಕಟ್’, ಆಮೇಲೆ ಮೌನ: ಇಲ್ಲಿ ಮೂರು ಸಾಧ್ಯತೆಗಳಿವೆ, ಮೀಟರು ಮೂರನ್ನೂ ಬೇರ್ಪಡಿಸುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜನ್ನೂ ಸೆಲ್ಫ್ ಮೋಟಾರಿನ ಬೋಲ್ಟಿನ ವೋಲ್ಟೇಜನ್ನೂ ಅಳೆಯಿರಿ. ಬ್ಯಾಟರಿಯಲ್ಲಿ 12.5 ನಿಂತಿದೆ, ಮೋಟಾರಿನ ಬಳಿ ಸೊನ್ನೆ: ಸೊಲೆನಾಯ್ಡಿನ ಒಳಗಿನ ತಾಮ್ರದ ತಟ್ಟೆ ಸುಟ್ಟು ಕರಿಗಟ್ಟಿದೆ, ಅಥವಾ ಕೇಬಲ್ ಕಡಿದಿದೆ. ಎರಡೂ ಕಡೆ 12 ಇದೆ, ಮೋಟಾರ್ ಅಲುಗುತ್ತಿಲ್ಲ: ಎಂಜಿನ್ನಿನ ಅರ್ಥ್ ಕೇಬಲ್ ಸರಿಯಿದ್ದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬೇಕು. ಬ್ಯಾಟರಿಯೇ 6-7ಕ್ಕೆ ಬೀಳುತ್ತದೆ: ಬ್ಯಾಟರಿ ಸೋತಿದೆ, ಅಥವಾ ಏನೋ ಬಿಗಿದಿದೆ.

ಕೇಬಲ್ಲಿನ ಹೂಳು ಅಳೆಯಲು ಇನ್ನೊಂದು ಉಪಾಯವಿದೆ. ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಕಪ್ಪು ಕಡ್ಡಿ ಸೆಲ್ಫ್ ಮೋಟಾರಿನ ಬೋಲ್ಟಿಗೆ ಹಿಡಿದು ಸೆಲ್ಫ್ ಹೊಡೆಸಿ. ಈಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಎರಡು ಮೂರು ವೋಲ್ಟ್ ತೋರಿಸಿದರೆ ಆ ದಾರಿಯಲ್ಲಿ ಒಂದು ಜೋಡಣೆ ಕೆಟ್ಟಿದೆ. ಅದೇ ರೀತಿ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಮೈಗೂ ನಡುವೆ ಹಿಡಿದು ನೋಡಿ. ಅಲ್ಲಿ 0.2-0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಕೇಬಲ್ ಬಿಚ್ಚಿ ಉಜ್ಜಬೇಕು. ಕೆಂಪು ಕೇಬಲ್ಲನ್ನು ಎಲ್ಲರೂ ಉಜ್ಜುತ್ತಾರೆ, ಚಾಸಿಗೆ ಬಿಗಿದ ಕಪ್ಪು ಕೇಬಲ್ಲಿನ ಇನ್ನೊಂದು ತುದಿ ಯಾರಿಗೂ ನೆನಪಾಗುವುದಿಲ್ಲ.

ಕರೆಂಟಿನ ದೋಷದಂತೆ ಕಂಡರೂ ಅಲ್ಲದ ಎರಡು ಸಂಗತಿ ಗೊತ್ತಿರಲಿ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರಿನ ಸೂಜಿ ಸೋರಿ ಪೆಟ್ರೋಲ್ ಸಿಲಿಂಡರಿನೊಳಗೆ ತುಂಬಿದ್ದರೆ ಪಿಸ್ಟನ್ ಮೇಲೆ ಬರಲಾರದು; ಸೆಲ್ಫ್ ‘ಕಟ್’ ಅಂದು ನಿಲ್ಲುತ್ತದೆ. ಎಂಜಿನ್ ಆಯಿಲ್ ಕಡ್ಡಿ ತೆಗೆದು ಮೂಸಿ, ಪೆಟ್ರೋಲ್ ವಾಸನೆ ಇದ್ದರೆ ಇದೇ. ಇನ್ನೊಂದು, ವಾಲ್ವಿನ ಗ್ಯಾಪ್ ಹೆಚ್ಚಾಗಿದ್ದರೆ ಸೆಲ್ಫ್ ಅರ್ಧ ಸುತ್ತು ತಿರುಗಿ ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ. ಚಾಲೂ ಆಗುವಾಗ ಒತ್ತಡ ಇಳಿಸಿಕೊಡುವ ಏರ್ಪಾಡು ಈ ಎಂಜಿನ್‌ಗಳ ವಾಲ್ವಿಗೇ ಜೋಡಿಸಿರುತ್ತದೆ. ಗ್ಯಾಪ್ ಜಾಸ್ತಿಯಾದರೆ ಅದು ಕೆಲಸ ಮಾಡದು.

## ಸೀಟಿನ ಕೆಳಗಿನ ಸ್ವಿಚ್ಚು

ಈ ಗಾಡಿಗೆ ಸುರಕ್ಷತಾ ಸ್ವಿಚ್ ಯಾಕೆ ಎಂದು ತಿಳಿಯಬೇಕಾದರೆ ಒಮ್ಮೆ ಡೆಕ್ಕಿನ, ಅಂದರೆ ಬ್ಲೇಡನ್ನು ಮುಚ್ಚಿದ ಲೋಹದ ಹೊದಿಕೆಯ, ಕೆಳಗೆ ಬಗ್ಗಿ ಬ್ಲೇಡ್ ನೋಡಿದರೆ ಸಾಕು. ಓಡಿಸುವವನು ಜಾರಿ ಬಿದ್ದರೆ ಬ್ಲೇಡ್ ನಿಲ್ಲಬೇಕು, ಗೇರಿನಲ್ಲಿರುವಾಗ ಎಂಜಿನ್ ಚಾಲೂ ಆಗಬಾರದು, ಹಿಂದೆ ಬರುವಾಗ ಬ್ಲೇಡ್ ತಿರುಗಬಾರದು. ಈ ಮೂರಕ್ಕೆ ಮೂರು ನಾಲ್ಕು ಸ್ವಿಚ್ಚು. ಎರಡು ಲಿವರಿನಿಂದ ತಿರುಗಿಸುವ ಝೀರೋ ಟರ್ನ್ ಗಾಡಿಗಳಲ್ಲಿ ಲಿವರಿಗೂ ಒಂದೊಂದು.

ಸೀಟ್ ಸ್ವಿಚ್ಚಿನ ತಕರಾರಿಗೆ ಒಂದು ಗುರುತಿದೆ. ಗಾಡಿ ಚಾಲೂ ಆಗುತ್ತದೆ, ಬ್ರೇಕಿನಿಂದ ಕಾಲು ತೆಗೆದೊಡನೆ ಅಥವಾ ಬ್ಲೇಡ್ ಗುಂಡಿ ಎಳೆದೊಡನೆ ಸಾಯುತ್ತದೆ. ಅಥವಾ ತೆಂಗಿನ ಬೇರುಗಳ ಮೇಲೆ ಹಾದು ಸೀಟು ಕುಣಿದಾಗ ಎಂಜಿನ್ ಕೆಮ್ಮುತ್ತದೆ. ಸೀಟನ್ನು ಮುಂದಕ್ಕೆ ಮಡಚಿ ಕೆಳಗೆ ನೋಡಿ. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ನಡುವೆ ಒತ್ತಿದರೆ ಒಳಹೋಗುವ ಗುಬ್ಬಿ, ಕೆಳಗೆ ಎರಡು ಅಥವಾ ನಾಲ್ಕು ವೈರಿನ ಕನೆಕ್ಟರ್. ಕನೆಕ್ಟರ್ ಬಿಚ್ಚಿದರೆ ಒಳಗಿನ ಹಿತ್ತಾಳೆ ಕಡ್ಡಿಗಳ ಮೇಲೆ ಹಸಿರು ಪುಡಿ, ಕೆಲವೊಮ್ಮೆ ಇರುವೆಯ ಮಣ್ಣು. ಗುಬ್ಬಿಯ ಸುತ್ತ ಹುಲ್ಲಿನ ಪುಡಿ ಆಯಿಲ್ ಜೊತೆ ಸೇರಿ ಮೇಣವಾಗಿರುತ್ತದೆ. ಒತ್ತಿದರೆ ಒಳಹೋಗಿ ಮೇಲೆ ಬರುವುದೇ ಇಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತಾರು ಸಲ ಒತ್ತಿ ಬಿಟ್ಟರೆ ಎಷ್ಟೋ ಸಲ ಜೀವ ಬರುತ್ತದೆ.

ಇನ್ನೊಂದು ಸೂಕ್ಷ್ಮ. ಸೀಟಿನ ಕೆಳಗಿನ ಸ್ಪ್ರಿಂಗ್ ದಪ್ಪ ಮೈಯವರಿಗೆ ಲೆಕ್ಕ ಹಾಕಿದ್ದಾದರೆ ಐವತ್ತು ಕಿಲೋ ತೂಗುವ ಹುಡುಗ ಕೂತಾಗ ಗುಬ್ಬಿ ಪೂರ್ತಿ ಒತ್ತುವುದಿಲ್ಲ. ಸೂಪರ್‌ವೈಸರ್ ಬಂದು ಕೂತರೆ ಗಾಡಿ ಸರಿ, ಹುಡುಗ ಕೂತರೆ ಬಂದ್. ‘ಅವನಿಗೆ ಓಡಿಸೋಕೆ ಬರಲ್ಲ’ ಎಂದು ತೀರ್ಮಾನವಾಗುತ್ತದೆ, ಪಾಪ. ಕೆಲವು ಸೀಟುಗಳಲ್ಲಿ ತೂಕಕ್ಕೆ ತಕ್ಕಂತೆ ಸ್ಪ್ರಿಂಗ್ ಹೊಂದಿಸುವ ವ್ಯವಸ್ಥೆ ಇರುತ್ತದೆ. ಕೈಪಿಡಿಯಲ್ಲಿ ಚಿತ್ರ ಸಿಗುತ್ತದೆ.

ಸ್ವಿಚ್ ಪರೀಕ್ಷೆಗೆ ಬ್ಯಾಟರಿ ಬಿಚ್ಚಿ, ಮೀಟರನ್ನು ದಾರಿ ಕೂಡಿದ್ದರೆ ಸದ್ದು ಮಾಡುವ ಬಝರಿಗೆ ತಿರುಗಿಸಿ ಸ್ವಿಚ್ಚಿನ ಎರಡು ಕಡ್ಡಿಗಳಿಗೆ ಹಿಡಿಯಿರಿ. ಒತ್ತಿದಾಗ ಮತ್ತು ಬಿಟ್ಟಾಗ ಬಝರ್ ಬದಲಾಗಬೇಕು. ಎರಡೂ ಸ್ಥಿತಿಯಲ್ಲಿ ಒಂದೇ ಆಗಿದ್ದರೆ ಸ್ವಿಚ್ ಹೋಗಿದೆ. ಒತ್ತಿದಾಗ ಕೂಡುವುದೋ ಬಿಟ್ಟಾಗ ಕೂಡುವುದೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ.

ದೋಷ ಸಿಕ್ಕ ಮೇಲೆ ಹೊಸ ಸ್ವಿಚ್ ಬರುವವರೆಗೆ ಎರಡು ವೈರು ಹೊಸೆದು ಕೆಲಸ ಸಾಗಿಸುವವರಿದ್ದಾರೆ. ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಎರಡು ಬೋಲ್ಟ್ ಕೂಡಿಸಿ ಚಾಲೂ ಮಾಡುವವರೂ ಇದ್ದಾರೆ. ಹಾಗೆ ಮಾಡಿದಾಗ ಸುರಕ್ಷತಾ ಸ್ವಿಚ್ಚುಗಳು ಪಕ್ಕಕ್ಕೆ ಸರಿಯುತ್ತವೆ: ಸೊಲೆನಾಯ್ಡ್ ಕೂಡಿಸುವಾಗ ಗಾಡಿ ಗೇರಿನಲ್ಲಿದ್ದರೆ ಪಕ್ಕದಲ್ಲಿ ನಿಂತವನ ಮೇಲೇ ಹರಿಯಬಹುದು, ಸೀಟ್ ಸ್ವಿಚ್ಚಿನ ವೈರು ಹೊಸೆದಿದ್ದರೆ ಇಳಿಜಾರಿನಲ್ಲಿ ಓಡಿಸುವವನು ಉರುಳಿದರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಸ್ವಿಚ್ಚಿನ ಬೆಲೆ ಗಾಡಿಯ ಉಳಿದ ಭಾಗಗಳ ಮುಂದೆ ಬಹಳ ಕಡಿಮೆ.

ಬ್ಲೇಡ್ ಹಾಕಿ ಹಿಂದಕ್ಕೆ ಬಂದರೆ ಎಂಜಿನ್ ನಿಲ್ಲುತ್ತದೆ ಎಂಬುದನ್ನು ಮಾತ್ರ ರಿಪೇರಿಗೆ ಕೊಡಬೇಡಿ. ಬಹಳಷ್ಟು ಮಾದರಿಗಳಲ್ಲಿ ಅದು ಬೇಕೆಂದೇ ಇಟ್ಟ ವ್ಯವಸ್ಥೆ.

## ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಕಾರು ಗೊತ್ತಿದ್ದವರು ಎಡವುವುದು ಇಲ್ಲಿ. ಕಾರಿನಲ್ಲಿ ಕಿಡಿಗೆ ಬ್ಯಾಟರಿಯ ಕರೆಂಟು ಬೇಕು, ಕೀ ಆಫ್ ಮಾಡಿದರೆ ಅದು ಕಡಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಕಾರ್ಬೊರೇಟರ್ ಇರುವ ಹುಲ್ಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಗ್ನೆಟೊ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ಅಂಚಿನಲ್ಲಿ ಕೂರಿಸಿದ ಅಯಸ್ಕಾಂತ, ಕಾಯಿಲ್ ಎಂಬ ತಂತಿ ಸುರುಳಿಯ ಪಕ್ಕದಲ್ಲಿ ಹಾದುಹೋದಾಗ ಕಿಡಿ ತಾನಾಗಿ ಹುಟ್ಟುತ್ತದೆ, ಬ್ಯಾಟರಿಯ ಹಂಗಿಲ್ಲ. ಹಾಗಾದರೆ ಎಂಜಿನ್ ನಿಲ್ಲಿಸುವುದು ಹೇಗೆ? ಕಾಯಿಲಿನಿಂದ ಹೊರಬರುವ ಒಂದು ತೆಳು ವೈರನ್ನು, ಅದನ್ನು ಕಿಲ್ ವೈರ್ ಅನ್ನುತ್ತಾರೆ, ಚಾಸಿಗೆ ತಾಗಿಸುವುದರಿಂದ. ಅಂದರೆ ಇಲ್ಲಿ ವೈರ್ ಕೂಡಿದರೆ ಎಂಜಿನ್ ಬಂದ್, ಬಿಡಿಸಿದರೆ ಚಾಲೂ.

ಕೀ ಸ್ವಿಚ್ಚಿನ ಹಿಂದಿನ ಅಕ್ಷರಗಳ ಗುಟ್ಟೂ ಇದೇ. ಬಿ ಅಂದರೆ ಬ್ಯಾಟರಿ, ಎಸ್ ಅಂದರೆ ಸ್ಟಾರ್ಟರ್, ಎಂ ಅಂದರೆ ಮ್ಯಾಗ್ನೆಟೊ, ಜಿ ಅಂದರೆ ಗ್ರೌಂಡ್. ಆಫ್‌ನಲ್ಲಿ ಎಂ ಮತ್ತು ಜಿ ಒಂದಾಗುತ್ತವೆ, ಸ್ಟಾರ್ಟಿನಲ್ಲಿ ಬಿ ಮತ್ತು ಎಸ್.

ಆದ್ದರಿಂದ ಕಿಲ್ ವೈರಿನ ಸಿಪ್ಪೆ ಸುಲಿದು ಚಾಸಿಗೆ ತಗುಲಿದರೂ, ಇಲಿ ಕಚ್ಚಿದರೂ, ಯಾವುದೋ ಸುರಕ್ಷತಾ ಸ್ವಿಚ್ ಅದನ್ನು ಅರ್ಥ್ ಮಾಡಿ ಹಿಡಿದುಕೊಂಡರೂ ಸೆಲ್ಫ್ ಗಿರಗಿರ ತಿರುಗುತ್ತದೆ, ಕಿಡಿ ಮಾತ್ರ ಬರದು. ಸ್ಪಾರ್ಕ್ ಟೆಸ್ಟರ್ ಹಚ್ಚಿ ಕಿಡಿ ಇಲ್ಲವೆಂದು ಖಾತ್ರಿಯಾದ ಮೇಲೆ ಎಂಜಿನ್ನಿನ ಬಳಿ ಕಿಲ್ ವೈರಿನ ಕನೆಕ್ಟರ್ ಬಿಚ್ಚಿ ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ, ದೋಷ ಕೀ, ಸ್ವಿಚ್ ಅಥವಾ ವೈರಿಂಗಿನಲ್ಲಿ. ಆಗಲೂ ಬರದಿದ್ದರೆ ಕಾಯಿಲ್ ನೋಡಬೇಕು. ಈ ಪರೀಕ್ಷೆಯಲ್ಲಿ ಎರಡು ಎಚ್ಚರಿಕೆ. ಕಿಲ್ ವೈರ್ ಬಿಚ್ಚಿದ್ದಾಗ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದು, ಹಾಗಾಗಿ ಹಾಗೆಯೇ ಓಡಿಸಲು ಹೋಗಬೇಡಿ. ಕಿಲ್ ವೈರಿಗೆ ಅಪ್ಪಿತಪ್ಪಿಯೂ 12 ವೋಲ್ಟ್ ತಾಗಿಸಬೇಡಿ. ಕಾಯಿಲ್ ಅಲ್ಲಿಗೆ ಮುಗಿಯಿತು.

ಕಿಡಿ ಇದೆ, ಆದರೂ ಹಿಡಿಯುತ್ತಿಲ್ಲ ಅಂದರೆ ಕಾರ್ಬೊರೇಟರಿನ ಬುಡದಲ್ಲಿ ವೈರು ಸೇರಿದ ಒಂದು ಉರುಟು ಭಾಗವಿದೆಯೇ ನೋಡಿ. ಅದು ಪೆಟ್ರೋಲ್ ತಡೆಯುವ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ಸಣ್ಣಗೆ ‘ಟಿಕ್’ ಅನ್ನಬೇಕು. ಇದಕ್ಕೆ ಬ್ಯಾಟರಿಯ ಕರೆಂಟು ಬೇಕು. ವೈರು ಕಳಚಿದ್ದರೆ ಕಿಡಿ ಎಷ್ಟು ಚೆನ್ನಾಗಿದ್ದರೂ ಪೆಟ್ರೋಲ್ ಮೇಲೇರದು. ಟಿಕ್ ಅನ್ನುತ್ತಿದ್ದರೆ ಉಳಿದದ್ದು ಹಳೆಯ ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಮಳೆಗಾಲದ ಮೊದಲಿನ ಪೆಟ್ರೋಲನ್ನು ಅಕ್ಟೋಬರಿನಲ್ಲಿ ನಂಬಬೇಡಿ.

## ಫ್ಯೂಸ್ ಪದೇ ಪದೇ ಹಾರುತ್ತಿದ್ದರೆ

ಫ್ಯೂಸಿನ ಬಣ್ಣವೇ ಅದರ ಅಳತೆ: ನೀಲಿ 15 ಆಂಪಿಯರ್, ಹಳದಿ 20, ಹಸಿರು 30. ಹಳದಿ ಹಾರಿತೆಂದು ಹಸಿರು ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ವೈರಿಂಗಿಗೆ ಬೆಂಕಿ ಇಡುವ ದಾರಿ.

ಶಾರ್ಟ್ ಹುಡುಕಲು ಆಟೋ ಎಲೆಕ್ಟ್ರಿಷಿಯನ್‌ಗಳು ಮಾಡುವ ಒಂದು ಕೆಲಸ ಎಲ್ಲರೂ ಮಾಡಬಹುದು. ಹಾರಿದ ಫ್ಯೂಸಿನ ಜಾಗದಲ್ಲಿ ಇಂಡಿಕೇಟರ್ ಬಲ್ಬಿನ ಎರಡು ವೈರು ಸಿಗಿಸಿ. ಕೀ ಆನ್ ಮಾಡಿದಾಗ ಶಾರ್ಟ್ ಇದ್ದರೆ ಬಲ್ಬು ಜಗಜಗನೆ ಉರಿಯುತ್ತದೆ, ಫ್ಯೂಸ್ ಹಾರುವುದಿಲ್ಲ. ಈಗ ವೈರಿನ ಕಟ್ಟನ್ನು ಒಂದೊಂದೇ ಜಾಗದಲ್ಲಿ ಅಲುಗಾಡಿಸುತ್ತ ಹೋಗಿ: ಸ್ಟೀರಿಂಗ್ ಕಂಬದ ಬುಡ, ಸೀಟು ಮಡಚುವ ಕೀಲು, ಸೈಲೆನ್ಸರಿನ ಪಕ್ಕ, ಡೆಕ್ ಮೇಲೆ ಕೆಳಗೆ ಆಡುವ ಜಾಗ. ಎಲ್ಲಿ ಮುಟ್ಟಿದಾಗ ಬಲ್ಬು ಮಂಕಾಯಿತೋ ಅಥವಾ ಆರಿತೋ ಅಲ್ಲೇ ಸಿಪ್ಪೆ ಸುಲಿದಿದೆ.

## ಓಡುತ್ತದೆ, ಆದರೆ ಮರುದಿನ ಬ್ಯಾಟರಿ ಡೌನ್

ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ಬ್ಯಾಟರಿಯ ವೋಲ್ಟೇಜ್ ಸುಮಾರು 13.5ರಿಂದ 14.5ರ ನಡುವೆ ಇರಬೇಕು. 12.4ರಲ್ಲೇ ನಿಂತು ಇಳಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಬೇಗ ಬತ್ತುವುದಕ್ಕೆ ಇದು ಕಾರಣವಿರಬಹುದು.

ಚಾರ್ಜಿಂಗಿನಲ್ಲಿ ಎರಡು ಭಾಗ. ಫ್ಲೈವೀಲಿನ ಕೆಳಗಿನ ಸ್ಟೇಟರ್ ಎಸಿ ಕರೆಂಟು ಹುಟ್ಟಿಸುತ್ತದೆ, ರೆಗ್ಯುಲೇಟರ್ ಅದನ್ನು ಡಿಸಿ ಮಾಡಿ ಹದಕ್ಕೆ ತರುತ್ತದೆ. ಸ್ಟೇಟರಿನ ಎರಡು ವೈರಿನಲ್ಲಿ ಎಷ್ಟು ಎಸಿ ವೋಲ್ಟ್ ಬರಬೇಕೆಂಬುದು ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಗಾಡಿಯ ಕಂಪನಿ ಒಂದು, ಎಂಜಿನ್ನಿನ ಕಂಪನಿ ಇನ್ನೊಂದು ಆಗಿರುವುದು ಸಾಮಾನ್ಯ, ಆದ್ದರಿಂದ ಎಂಜಿನ್ನಿನ ಮಾದರಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಎಸಿ ಬರುತ್ತಿದ್ದು ಡಿಸಿ ಇಲ್ಲದಿದ್ದರೆ ರೆಗ್ಯುಲೇಟರ್ ಮೇಲೆ ಅನುಮಾನ. ಬದಲಿಸುವ ಮೊದಲು ಅದನ್ನು ಬಿಗಿದ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ, ಅದರ ಅರ್ಥ್ ಆ ಬೋಲ್ಟೇ. ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು ‘ಚಾರ್ಜ್ ಬರ್ತಾ ಇದೆಯಾ’ ಎಂದು ನೋಡುವ ಹಳೆಯ ಪದ್ಧತಿ ರೆಗ್ಯುಲೇಟರನ್ನೇ ಸುಡಬಹುದು.

ಬ್ಲೇಡನ್ನು ಗುಂಡಿ ಎಳೆದು ಹಾಕುವ ಗಾಡಿಗಳಲ್ಲಿ ಎಲೆಕ್ಟ್ರಿಕ್ ಕ್ಲಚ್ ಇರುತ್ತದೆ, ಅದೂ ಕೆಲವು ಆಂಪಿಯರ್ ಎಳೆಯುತ್ತದೆ. ಅದರ ಕನೆಕ್ಟರಿನಲ್ಲಿ 12 ವೋಲ್ಟ್ ಬಂದೂ ಬ್ಲೇಡ್ ಹಿಡಿಯದಿದ್ದರೆ ಕ್ಲಚ್ಚಿನ ಸುರುಳಿ ಕಡಿದಿದೆ ಅಥವಾ ಸವೆದು ಗ್ಯಾಪ್ ಹೆಚ್ಚಾಗಿದೆ.

## ಮುಂದಿನ ಮಳೆಗಾಲಕ್ಕೆ

ಕೆಲಸ ಮುಗಿದ ಮೇಲೆ ಪ್ರೆಶರ್ ವಾಷರಿನಿಂದ ಗಾಡಿ ತೊಳೆಯುವ ರೂಢಿ ಬಹಳ ಕಡೆ ಇದೆ. ನೀರಿನ ಆ ಹೊಡೆತ ಕನೆಕ್ಟರಿನ ರಬ್ಬರ್ ದಾಟಿ ಒಳಗೆ ನುಗ್ಗುತ್ತದೆ. ಡೆಕ್ಕಿನ ಕೆಳಗೆ ನೀರು ಹೊಡೆಯಿರಿ. ಡ್ಯಾಶ್‌ಬೋರ್ಡ್, ಸೀಟಿನ ಕೆಳಗೆ, ಎಂಜಿನ್ನಿನ ಸುತ್ತ ಗಾಳಿ ಅಥವಾ ಬ್ರಷ್ ಸಾಕು.

ಜೂನ್ ಮೊದಲೇ ಬ್ಯಾಟರಿ ಬಿಚ್ಚಿ ಒಳಗೆ ತಂದು, ಪೂರ್ತಿ ಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಡಿ. ಸೆಕೆ ಹೆಚ್ಚಿದಷ್ಟೂ ಬ್ಯಾಟರಿ ತಾನಾಗಿ ಬೇಗ ಇಳಿಯುತ್ತದೆ. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಡೌನ್ ಆಗುತ್ತದೆ ಎಂದು ಹಲಗೆ ಹುಡುಕುವ ಅಗತ್ಯವಿಲ್ಲ, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸದು. ತಾಡಪತ್ರಿ ನೆಲ ಮುಟ್ಟುವಂತೆ ಕಟ್ಟಿದರೆ ಒಳಗೆ ತೇವ ನಿಲ್ಲುತ್ತದೆ, ಇಲಿಗೂ ಬೆಚ್ಚನೆಯ ಗೂಡು ಸಿಗುತ್ತದೆ. ಕೆಳಗೆ ಒಂದು ಗೇಣು ಬಿಟ್ಟು ಕಟ್ಟಿ, ಎಂಜಿನ್ ಮೇಲಿನ ಒಣ ಹುಲ್ಲು ತೆಗೆದುಬಿಡಿ.

ಅಷ್ಟಾಗಿಯೂ ಅಕ್ಟೋಬರಿನಲ್ಲಿ ಕಾರಿನಿಂದ ಜಂಪ್ ಕೊಡಬೇಕಾಗಿ ಬಂದರೆ ಕಾರಿನ ಎಂಜಿನ್ ಆಫ್ ಇರಲಿ. ಕೆಂಪು ಕೇಬಲ್ ಮೊದಲು ಗಾಡಿಯ ಪಾಸಿಟಿವ್‌ಗೆ, ಆಮೇಲೆ ಕಾರಿನ ಪಾಸಿಟಿವ್‌ಗೆ. ಕಪ್ಪು ಕೇಬಲ್ ಕಾರಿನ ನೆಗೆಟಿವ್‌ಗೆ, ಅದರ ಕೊನೆಯ ತುದಿ ಹುಲ್ಲಿನ ಗಾಡಿಯ ಬ್ಯಾಟರಿಗಲ್ಲ, ಅಲ್ಲಿಂದ ದೂರ ಎಂಜಿನ್ನಿನ ಬೋಳು ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ, ಅದು ಬ್ಯಾಟರಿಯ ಅನಿಲದ ಹತ್ತಿರ ಹಾರಬಾರದು.